ಗಾಡಿ ನಿಲ್ಲಿಸುವ ಪಾಠ

ಬೈಕ್ ಕಲಿಯಲು ಹೊರಟವರಿಗೆ ಮನೆಯಲ್ಲಿ ಸಿಗುವ ಮೊದಲ ಬುದ್ಧಿಮಾತು ಬಹುಮಟ್ಟಿಗೆ ಒಂದೇ: “ಮುಂದಿನ ಬ್ರೇಕ್ ಮುಟ್ಟಬೇಡ, ಮಗುಚಿ ಬೀಳ್ತೀಯ.” ಹೇಳುವವರು ಅಪ್ಪನೋ ಮಾವನೋ ಪಕ್ಕದ ಮನೆಯ ಅಣ್ಣನೋ ಆಗಿರುತ್ತಾರೆ. ಅವರಲ್ಲಿ ಹಲವರು ಮರಳಿನ ಮೇಲೆ ಆ ಲಿವರ್ ಹಿಡಿದು ಮೊಣಕೈ ತರಚಿಕೊಂಡವರೇ; ಅನುಭವದಿಂದಲೇ ಹೇಳುತ್ತಾರೆ. ಆದರೂ ಆ ಮಾತನ್ನು ಪಾಲಿಸಬೇಡಿ. ನಿಮ್ಮ ಗಾಡಿಯನ್ನು ನಿಲ್ಲಿಸುವ ಶಕ್ತಿಯಲ್ಲಿ ದೊಡ್ಡ ಪಾಲು ಇರುವುದು ಬಲಗೈಯ ಬೆರಳುಗಳ ಕೆಳಗೆ. ಅದನ್ನು ಬಳಸದೆ ಓಡಿಸುವವರು ದಿನವೂ ಅರ್ಧಂಬರ್ಧ ಬ್ರೇಕಿನ ಗಾಡಿಯಲ್ಲಿ ಓಡಾಡುತ್ತಿದ್ದಾರೆ. ಆಪತ್ತು ಬರುವ ತನಕ ಅದು ಅವರಿಗೆ ಗೊತ್ತಾಗುವುದಿಲ್ಲ, ಅಷ್ಟೆ.

ಹಳಬರ ಭಯಕ್ಕೆ ಕಾರಣವೂ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಇದ್ದದ್ದು ಡ್ರಮ್ ಬ್ರೇಕು. ಎಳೆತಕ್ಕೆ ಹೆಸರಾದ ಯಮಾಹಾ ಆರ್‌ಎಕ್ಸ್ 100ರಲ್ಲೂ ಮುಂದಿನ ಚಕ್ರಕ್ಕೆ ಡ್ರಮ್ಮೇ. ಕೇಬಲ್ ಸಡಿಲವಾದರೆ ಲಿವರನ್ನು ಹ್ಯಾಂಡಲ್ ಮುಟ್ಟುವ ತನಕ ಎಳೆದರೂ ಗಾಡಿ ನಿಲ್ಲುತ್ತಿರಲಿಲ್ಲ. ಬಿಗಿ ಹೆಚ್ಚಾದರೆ ಒಮ್ಮೆಲೇ ಕಚ್ಚುತ್ತಿತ್ತು. ಊರೊಳಗಿನ ರಸ್ತೆಗಳೂ ಹೆಚ್ಚಾಗಿ ಮಣ್ಣು, ಜಲ್ಲಿ. ಅಂಥ ಕಡೆ ಕಾಲಿನ ಬ್ರೇಕೇ ಮೇಲು ಅನ್ನಿಸಿದ್ದು ಸಹಜ. ಈಗ ರಸ್ತೆಯೂ ಬದಲಾಗಿದೆ, ಬ್ರೇಕೂ ಬದಲಾಗಿದೆ, ವೇಗವಂತೂ ಕೇಳುವುದೇ ಬೇಡ. ಬುದ್ಧಿಮಾತು ಮಾತ್ರ ಹಾಗೇ ಉಳಿದಿದೆ.

ಮುಂದಿನ ಬ್ರೇಕು ಯಾಕೆ ಅಷ್ಟು ಮುಖ್ಯ ಎಂಬುದನ್ನು ನಿಮ್ಮ ಗಾಡಿಯಲ್ಲೇ ನೋಡಬಹುದು. ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಹೋಗುತ್ತಾ ಬ್ರೇಕ್ ಹಾಕಿ. ಮುಂದಿನ ಶಾಕ್ ಅಬ್ಸಾರ್ಬರ್ ಕುಗ್ಗುತ್ತದೆ, ಗಾಡಿಯ ಮೂತಿ ಬಾಗುತ್ತದೆ, ಸೀಟಿನ ಹಿಂಭಾಗ ಏಳುತ್ತದೆ. ಅಂದರೆ ಗಾಡಿಯ ಮತ್ತು ನಿಮ್ಮ ಭಾರ ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಸರಿಯುತ್ತಿದೆ. ನಿಂತಾಗ ಎರಡೂ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮ ಇರುವ ಭಾರ, ಒಣ ಡಾಂಬರಿನ ಮೇಲೆ ಜೋರಾಗಿ ಬ್ರೇಕ್ ಹಾಕಿದಾಗ ಮುಕ್ಕಾಲು ಪಾಲು, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚು, ಮುಂದಿನ ಚಕ್ರದ ಮೇಲೆಯೇ ಕೂರುತ್ತದೆ. ಟೈರಿನ ಹಿಡಿತ ಅದರ ಮೇಲಿನ ಭಾರವನ್ನು ಅವಲಂಬಿಸಿದೆ. ಭಾರ ಬಿದ್ದ ಟೈರು ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಭಾರ ಕಳೆದುಕೊಂಡ ಹಿಂದಿನ ಟೈರು, ನೀವು ಪೆಡಲನ್ನು ಎಷ್ಟು ಒತ್ತಿದರೂ, ತಿರುಗುವುದನ್ನು ನಿಲ್ಲಿಸಿ ಕಿರ್ರೆಂದು ಜಾರಲು ಶುರುಮಾಡುತ್ತದೆ. ಕಾಲೇಜಿನ ಮುಂದೆ ಹುಡುಗರು ರಸ್ತೆಯ ಮೇಲೆ ಎಳೆಯುವ ಕಪ್ಪು ಗೆರೆ ಇದೇ. ನೋಡಲು ಭರ್ಜರಿ, ನಿಲ್ಲಿಸುವುದರಲ್ಲಿ ಕಳಪೆ.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ನೀವು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತಿರುತ್ತೀರಿ. ಎದುರಿಗೆ ನಾಯಿ ಅಡ್ಡ ಬಂದದ್ದನ್ನು ಕಣ್ಣು ಕಂಡು, ತಲೆಗೆ ಹೊಳೆದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡಾದರೂ ಕಳೆಯುತ್ತದೆ. ಆ 17 ಮೀಟರು ಹೋದ ಹಾಗೇ. ಆಮೇಲೆ ಒಣ, ಒಳ್ಳೆಯ ರಸ್ತೆಯಲ್ಲಿ ಎರಡೂ ಬ್ರೇಕನ್ನು ಸರಿಯಾಗಿ ಬಳಸಿದರೆ ಇನ್ನೂ 20 ಮೀಟರಿನ ಆಸುಪಾಸಿನಲ್ಲಿ ನಿಲ್ಲಬಹುದು. ಹಿಂದಿನ ಬ್ರೇಕನ್ನೇ ನಂಬಿದರೆ ಈ 20 ಮೀಟರು 45 ಮೀಟರ್ ದಾಟಬಹುದು. ಆ ವ್ಯತ್ಯಾಸದಲ್ಲಿ ಎರಡು ಬಸ್ಸು ನಿಲ್ಲುವಷ್ಟು ಜಾಗವಿದೆ. ಇನ್ನೊಂದು ವಿಷಯ: 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ಬೇಕಾಗುವುದು 9 ಮೀಟರು, 80ರಲ್ಲಿ 36. ವೇಗ ಎರಡರಷ್ಟಾದರೆ ನಿಲ್ಲುವ ದೂರ ನಾಲ್ಕರಷ್ಟಾಗುತ್ತದೆ. ಇವು ಒಳ್ಳೆಯ ಟೈರು, ಒಳ್ಳೆಯ ಡಾಂಬರು, ಎಚ್ಚರವಾಗಿರುವ ಸವಾರ ಎಂದು ಹಿಡಿದು ಮಾಡಿದ ಲೆಕ್ಕಗಳು. ಸವೆದ ಟೈರು, ಒದ್ದೆ ರಸ್ತೆ, ಕಿವಿಗೂ ಹೆಲ್ಮೆಟಿಗೂ ನಡುವೆ ಸಿಕ್ಕಿಸಿದ ಮೊಬೈಲು ಇವನ್ನೆಲ್ಲ ಸೇರಿಸಿದರೆ ಲೆಕ್ಕ ಬೇರೆಯೇ.

ಹಾಗಾದರೆ ಮುಂದಿನ ಬ್ರೇಕ್ ಹಿಡಿದವರು ಬೀಳುವುದು ಸುಳ್ಳೇ? ಸುಳ್ಳಲ್ಲ. ಅವರು ಹಿಡಿದದ್ದರಿಂದ ಬೀಳಲಿಲ್ಲ, ಗಬಕ್ಕನೆ ಹಿಡಿದದ್ದರಿಂದ ಬಿದ್ದರು. ಭಾರ ಮುಂದಕ್ಕೆ ಸರಿಯಲು ಒಂದಿಷ್ಟು ಹೊತ್ತು ಬೇಕು, ಅರ್ಧ ಸೆಕೆಂಡಿಗೂ ಕಡಿಮೆ ಇರಬಹುದು. ಆ ಭಾರ ಬಂದು ಟೈರನ್ನು ರಸ್ತೆಗೆ ಒತ್ತುವ ಮೊದಲೇ ಲಿವರನ್ನು ಪೂರ್ತಿ ಎಳೆದರೆ, ಹಿಡಿತವಿಲ್ಲದ ಚಕ್ರ ಲಾಕ್ ಆಗುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಹ್ಯಾಂಡಲ್ ನಿಮ್ಮ ಮಾತು ಕೇಳುವುದಿಲ್ಲ, ಗಾಡಿ ಮಲಗುತ್ತದೆ. ನಿಂಬೆಹಣ್ಣಿನ ಹೋಳನ್ನು ಹಿಂಡುವುದು ನೆನಪಿರಲಿ: ಒಮ್ಮೆಲೇ ಅಮುಕಿದರೆ ಹೋಳು ಜಾರಿ ಬೀಜ ಎಲ್ಲಿಗೋ ಚಿಮ್ಮುತ್ತದೆ, ಮೊದಲು ಹದವಾಗಿ ಹಿಡಿದು ಆಮೇಲೆ ಒತ್ತಡ ಏರಿಸುತ್ತಾ ಹೋದರೆ ಕೊನೆಯ ಹನಿಯೂ ಬರುತ್ತದೆ. ಬ್ರೇಕ್ ಲಿವರಿಗೂ ಅದೇ ಕೈಹದ ಬೇಕು. ಮೊದಲು ಲಿವರಿನ ಸಡಿಲ ಮುಗಿಯುವಷ್ಟು ಎಳೆಯಿರಿ. ಮೂತಿ ಬಾಗತೊಡಗಿದ್ದು ಅಂಗೈಗೆ ತಿಳಿಯುತ್ತದೆ. ಅಲ್ಲಿಂದ ಮುಂದೆ ಒತ್ತಡ ಏರಿಸುತ್ತಾ ಹೋಗಿ, ಧೈರ್ಯವಾಗಿ. ಹೀಗೆ ವಿವರಿಸುವಾಗ ದೊಡ್ಡ ಕೆಲಸ ಅನ್ನಿಸಬಹುದು. ಅಭ್ಯಾಸವಾದ ಕೈ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ನಿಲ್ಲುವ ಹೊತ್ತಿಗೆ, ಕೊನೆಯ ಒಂದೆರಡು ಅಡಿ ಇರುವಾಗ, ಒತ್ತಡ ಸ್ವಲ್ಪ ಇಳಿಸಿ. ಮೂತಿ ಜೋಲಿ ಹೊಡೆಯದೆ ಗಾಡಿ ಮೆತ್ತಗೆ ನಿಲ್ಲುತ್ತದೆ.

ಎಷ್ಟು ಬೆರಳು ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಡಿಸ್ಕ್ ಬ್ರೇಕ್ ಇದ್ದರೆ ಎರಡು ಬೆರಳು ಸಾಕು, ಡ್ರಮ್ ಇದ್ದರೆ ನಾಲ್ಕೂ ಬೇಕಾಗಬಹುದು. ಬೆರಳಿನ ಸಂಖ್ಯೆಗಿಂತ ಮುಖ್ಯವಾದದ್ದು, ಸಂತೆ, ಶಾಲೆ, ಬಸ್ ಸ್ಟ್ಯಾಂಡ್, ಅಡ್ಡರಸ್ತೆ ಹತ್ತಿರವಾದಾಗ ಬೆರಳು ಮೊದಲೇ ಲಿವರಿನ ಮೇಲೆ ಇರುವುದು. ಆಗ ಆ ಒಂದು ಸೆಕೆಂಡಿನಲ್ಲಿ ಸ್ವಲ್ಪವಾದರೂ ಉಳಿಯುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಹಿಂದಿನ ಬ್ರೇಕು ಕೆಲಸಕ್ಕೆ ಬಾರದ್ದಲ್ಲ. ಅದು ಗಾಡಿಯನ್ನು ಜಗ್ಗಿ ನೇರವಾಗಿ ಇಡುತ್ತದೆ. ಜನಸಂದಣಿಯಲ್ಲಿ ತೆವಳುತ್ತಾ ಹೋಗುವಾಗ, ಯೂ ಟರ್ನ್ ಹೊಡೆಯುವಾಗ, ಮಣ್ಣು ಮರಳಿನ ಮೇಲೆ ಅದೇ ನಿಮ್ಮ ಆಪ್ತ. ಹಿಂದೆ ಒಬ್ಬರು ಕೂತಿದ್ದರೆ, ಹಾಲಿನ ಕ್ಯಾನು ತೂಗುಹಾಕಿದ್ದರೆ, ಗ್ಯಾಸ್ ಸಿಲಿಂಡರ್ ಕಟ್ಟಿದ್ದರೆ ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚಿರುವುದರಿಂದ ಹಿಂದಿನ ಬ್ರೇಕಿಗೂ ಹೆಚ್ಚು ಕಸುವು. ಎರಡನ್ನೂ ಒಟ್ಟಿಗೆ ಹಿಡಿಯುವುದೇ ರೂಢಿಯಾಗಲಿ: ಬೆರಳಲ್ಲಿ ಹೆಚ್ಚು, ಕಾಲಲ್ಲಿ ಕಡಿಮೆ. ಹಿಂದೆ ಕೂರುವವರಿಗೂ ಒಂದು ಮಾತು ಹೇಳಿಡಿ: ಸೀಟಿನ ಹಿಂದಿನ ಹಿಡಿಕೆ ಹಿಡಿದುಕೊಳ್ಳಲಿ. ಇಲ್ಲವಾದರೆ ಬ್ರೇಕ್ ಹಾಕಿದಾಗ ಅವರ ಭಾರವೆಲ್ಲ ನಿಮ್ಮ ಬೆನ್ನ ಮೇಲೆ, ನಿಮ್ಮ ಭಾರವೆಲ್ಲ ಹ್ಯಾಂಡಲ್ ಮೇಲೆ. ನೀವೂ ಮೊಣಕಾಲುಗಳಿಂದ ಟ್ಯಾಂಕನ್ನು ಅಪ್ಪಿ ಹಿಡಿಯಿರಿ; ತೋಳು ಬಿಗಿಯಾಗದೆ ಹ್ಯಾಂಡಲ್ ಹಗುರವಾಗಿರಬೇಕು.

ಕ್ಲಚ್ ವಿಷಯದಲ್ಲಿ ನಮ್ಮವರದ್ದು ಅವಸರ. ಏನಾದರೂ ಕಂಡ ಕೂಡಲೇ ಎಡಗೈ ಕ್ಲಚ್ ಒತ್ತುತ್ತದೆ, ಗಾಡಿ ಹಗುರಾಗಿ ಉರುಳುತ್ತಾ ಮುಂದೆ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಚಕ್ರವನ್ನು ಹಿಡಿದು ಎಳೆಯುತ್ತಿರುತ್ತದೆ. ಅದು ಪುಕ್ಕಟೆ ಸಿಗುವ ಬ್ರೇಕು, ಕಳೆದುಕೊಳ್ಳಬೇಡಿ. ದಿನನಿತ್ಯದ ಓಡಾಟದಲ್ಲಿ ಮೊದಲು ಆಕ್ಸಿಲರೇಟರ್ ಬಿಡಿ, ಆಮೇಲೆ ಬ್ರೇಕು, ಎಂಜಿನ್ ಆಫ್ ಆಗುತ್ತದೆ ಅನ್ನಿಸುವ ಹೊತ್ತಿಗೆ ಕ್ಲಚ್ಚು. ತೀರಾ ತುರ್ತಿನಲ್ಲಿ ಮಾತ್ರ ಬ್ರೇಕಿನ ಜೊತೆಗೇ ಕ್ಲಚ್ ಹಿಡಿದರೂ ತಪ್ಪಿಲ್ಲ. ನಿಲ್ಲುವಷ್ಟರಲ್ಲಿ ಗೇರನ್ನು ಒಂದಕ್ಕೆ ಇಳಿಸಿ ಕನ್ನಡಿ ನೋಡಿ. ಹಿಂದೆ ಬರುವ ಲಾರಿಯವನಿಗೆ ನಿಮ್ಮಷ್ಟು ಬೇಗ ನಿಲ್ಲಲು ಆಗದಿದ್ದರೆ ಪಕ್ಕಕ್ಕೆ ಸರಿಯಲು ದಾರಿ ಬೇಕಲ್ಲ.

ಸ್ಕೂಟರಿನವರಿಗೆ ಪೆಡಲಿಲ್ಲ, ಎಡಗೈ ಲಿವರೇ ಹಿಂದಿನ ಬ್ರೇಕು. ಇಂದು ಮಾರಾಟವಾಗುವ 125 ಸಿಸಿಯೊಳಗಿನ ಬಹುಪಾಲು ಸ್ಕೂಟರುಗಳಲ್ಲಿ ಎಡ ಲಿವರ್ ಹಿಡಿದರೆ ಮುಂದಿನ ಚಕ್ರಕ್ಕೂ ಸ್ವಲ್ಪ ಬ್ರೇಕ್ ಹೋಗುತ್ತದೆ. ಸಿಬಿಎಸ್ ಎನ್ನುವುದು ಇದನ್ನೇ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಸಿಬಿಎಸ್ ಅಥವಾ ಎಬಿಎಸ್, ಅದಕ್ಕೂ ಮೇಲಿನವಕ್ಕೆ ಎಬಿಎಸ್ ಕಡ್ಡಾಯವಾಯಿತು. ಸಿಬಿಎಸ್ ಇದೆ ಎಂದು ಬಲಗೈಗೆ ರಜೆ ಕೊಡಬೇಡಿ. ಎಡ ಲಿವರು ಮುಂದಿನ ಬ್ರೇಕಿನ ಒಂದು ಪಾಲನ್ನಷ್ಟೇ ಕೊಡುತ್ತದೆ, ಪೂರ್ತಿ ಬಲ ಬರುವುದು ಎರಡೂ ಕೈ ಸೇರಿದಾಗ. ಬ್ಯಾಟರಿ ಸ್ಕೂಟರುಗಳಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಮೋಟಾರು ಹಿಂದಕ್ಕೆಳೆದ ಹಾಗೆ ಆಗುತ್ತದೆ. ಹಲವು ಗಾಡಿಗಳಲ್ಲಿ ಬ್ಯಾಟರಿ ಪೂರ್ತಿ ತುಂಬಿರುವಾಗ ಆ ಎಳೆತ ಕಡಿಮೆಯಾಗುತ್ತದೆ. ಬೆಳಿಗ್ಗೆ ಚಾರ್ಜಿಂಗ್ ತೆಗೆದು ಹೊರಟಾಗ ಅದನ್ನು ನೆಚ್ಚಿಕೊಳ್ಳಬೇಡಿ.

ಎಬಿಎಸ್ ಬಗ್ಗೆ ಎರಡು ಮಾತು. ಚಕ್ರ ಲಾಕ್ ಆಗುವ ಲಕ್ಷಣ ಕಂಡರೆ ಇದು ಬ್ರೇಕಿನ ಒತ್ತಡವನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಕೊಡುತ್ತದೆ, ಸೆಕೆಂಡಿಗೆ ಹಲವು ಬಾರಿ. ಆಗ ಲಿವರ್ ಬೆರಳಿಗೆ ಗಡಗಡ ನಡುಗುತ್ತದೆ. ಹೊಸಬರು ಏನೋ ಕೆಟ್ಟುಹೋಯಿತೆಂದು ಹೆದರಿ ಕೈ ಬಿಡುತ್ತಾರೆ. ಬಿಡಬಾರದು, ಹಿಡಿದೇ ಇರಬೇಕು. ಅಗ್ಗದ ಮಾದರಿಗಳಲ್ಲಿ ಇರುವುದು ಸಿಂಗಲ್ ಚಾನೆಲ್ ಎಬಿಎಸ್. ಅದು ಕಾಯುವುದು ಮುಂದಿನ ಚಕ್ರವನ್ನು ಮಾತ್ರ. ಹಿಂದಿನದು ಆಗಲೂ ಜಾರಬಹುದು. ಇನ್ನು ವಾಲಿದ ಗಾಡಿಯನ್ನು ತಿರುವಿನಲ್ಲಿ ಎತ್ತಿ ನಿಲ್ಲಿಸುವ ಶಕ್ತಿ ಸಾಮಾನ್ಯ ಎಬಿಎಸ್‌ಗೆ ಇಲ್ಲ. ಕೊಳ್ಳುವಾಗ ಬಣ್ಣದ ಸ್ಟಿಕ್ಕರಿಗೆ ಕೊಡುವ ಹಣವನ್ನು ಎಬಿಎಸ್‌ಗೆ ಕೊಡಿ ಎಂದೇ ನಾನು ಹೇಳುವುದು.

ಎಬಿಎಸ್ ಇಲ್ಲದ ಗಾಡಿ ಜಾರಿದರೆ? ಮುಂದಿನ ಚಕ್ರ ಲಾಕ್ ಆಯಿತು ಅನ್ನಿಸಿದ ಕೂಡಲೇ ಲಿವರ್ ಬಿಡಿ, ಚಕ್ರ ತಿರುಗಲಿ, ಮತ್ತೆ ಹದವಾಗಿ ಹಿಡಿಯಿರಿ. ಹಿಂದಿನ ಚಕ್ರದ ಕತೆ ಬೇರೆ. ಅದು ಲಾಕ್ ಆಗಿ ಗಾಡಿಯ ಬಾಲ ಪಕ್ಕಕ್ಕೆ ತಿರುಗಿಬಿಟ್ಟಿದ್ದರೆ ಪೆಡಲನ್ನು ತಟಕ್ಕನೆ ಬಿಡಬೇಡಿ. ಬಿಟ್ಟರೆ ಟೈರು ಒಮ್ಮೆಲೇ ರಸ್ತೆ ಕಚ್ಚಿ, ಗಾಡಿ ನೆಟ್ಟಗಾಗುವ ರಭಸಕ್ಕೆ ನಿಮ್ಮನ್ನು ಆಚೆ ಬದಿಗೆ ಎಸೆಯುತ್ತದೆ. ಜಾರುತ್ತಲೇ ನಿಲ್ಲಲು ಬಿಡುವುದು ಮೇಲು. “ಗಾಡಿ ಮಲಗಿಸಿಬಿಟ್ಟೆ, ಅದಕ್ಕೇ ಬದುಕಿದೆ” ಎಂದು ಹೇಳುವವರೂ ಸಿಗುತ್ತಾರೆ. ರಸ್ತೆಯ ಮೇಲೆ ಉಜ್ಜುವ ಕಬ್ಬಿಣಕ್ಕಿಂತ ರಬ್ಬರಿನ ಟೈರೇ ಹೆಚ್ಚು ಬೇಗ ನಿಲ್ಲಿಸುತ್ತದೆ. ಬೇಕೆಂದೇ ಗಾಡಿ ಮಲಗಿಸುವುದು ಬ್ರೇಕನ್ನು ಕೈಬಿಟ್ಟ ಹಾಗೆ.

ಈಗ ರಸ್ತೆಗೆ ಬರೋಣ. ನಮ್ಮ ರಸ್ತೆಗಳಲ್ಲಿ ಹಿಡಿತ ಹತ್ತು ಹೆಜ್ಜೆಗೊಮ್ಮೆ ಬದಲಾಗುತ್ತದೆ. ಬ್ರೇಕಿನ ಅರ್ಧ ವಿದ್ಯೆ ಕಣ್ಣಿನಲ್ಲಿದೆ ಎನ್ನುವುದು ಇದಕ್ಕೇ. ಸುಗ್ಗಿಯ ಕಾಲದಲ್ಲಿ ಬಯಲುಸೀಮೆಯ ರಸ್ತೆಯುದ್ದಕ್ಕೂ ರಾಗಿ, ಹುರುಳಿ ಹರಡಿರುತ್ತಾರೆ, ಗಾಡಿ ಹರಿದು ಒಕ್ಕಣೆಯಾಗಲಿ ಎಂದು. ಹುರುಳಿಯ ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಕಾಳು ಟೈರಿನ ಕೆಳಗೆ ಉರುಳುತ್ತದೆ. ಅದರ ಮೇಲೆ ಬ್ರೇಕ್ ಹಾಕುವ ಪ್ರಸಂಗವೇ ಬರಬಾರದು: ಒಕ್ಕಣೆ ಶುರುವಾಗುವ ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೇರವಾಗಿಟ್ಟು, ಬ್ರೇಕ್ ಮುಟ್ಟದೆ ದಾಟಿ. ರಸ್ತೆ ವಿಭಜಕದ ಪಕ್ಕ ಕೂತ ಮರಳು, ಕಾಮಗಾರಿಯ ಜಲ್ಲಿ, ಕಬ್ಬಿನ ಸಿಪ್ಪೆ, ಸಗಣಿ, ಬಸ್ ಸ್ಟ್ಯಾಂಡ್ ತಿರುವಿನಲ್ಲಿ ಮಿಂಚುವ ಡೀಸೆಲ್ ಕಲೆ, ಎಲ್ಲಕ್ಕೂ ಇದೇ ಉಪಾಯ. ಜೀಬ್ರಾ ಪಟ್ಟೆಯ ಬಿಳಿ ಬಣ್ಣ ಮತ್ತು ಮ್ಯಾನ್‌ಹೋಲ್ ಮುಚ್ಚಳ ಒಣಗಿದ್ದಾಗ ಸಾಧುಗಳು, ನೆನೆದಾಗ ಅಲ್ಲ.

ಮೊದಲ ಮಳೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಬೇಸಿಗೆಯುದ್ದಕ್ಕೂ ರಸ್ತೆಯ ಮೇಲೆ ಎಣ್ಣೆ, ಧೂಳು, ಟೈರಿನ ಪುಡಿ ಕೂತಿರುತ್ತದೆ. ಏಪ್ರಿಲ್‌, ಮೇ ತಿಂಗಳ ಸಂಜೆ ನಾಲ್ಕು ಹನಿ ಬಿದ್ದಾಗ ಅದೆಲ್ಲ ಕಲಸಿ ಲೋಳೆಯಾಗುತ್ತದೆ. ಚೆನ್ನಾಗಿ ಸುರಿದು ತೊಳೆದ ರಸ್ತೆಗಿಂತ ಆ ಮೊದಲ ಕಾಲು ಗಂಟೆಯೇ ಹೆಚ್ಚು ಅಪಾಯ. ಸಾಧ್ಯವಾದರೆ ಆಗ ಚಹಾ ಅಂಗಡಿಯಲ್ಲಿ ನಿಲ್ಲಿ. ಮಳೆಯಲ್ಲೂ ಮುಂದಿನ ಬ್ರೇಕನ್ನು ಬಿಡಬೇಡಿ. ಒತ್ತಡವನ್ನು ಇನ್ನೂ ನಿಧಾನವಾಗಿ ಏರಿಸಿ, ಮುಂದಿನ ಗಾಡಿಯಿಂದ ಅಂತರವನ್ನು ಎರಡರಷ್ಟು ಮಾಡಿ. ನೀರು ತುಂಬಿದ ಅಂಡರ್‌ಪಾಸ್ ದಾಟಿ ಬಂದರೆ ಡ್ರಮ್ ಒಳಗೆ ನೀರು ಹೋಗಿ ಬ್ರೇಕ್ ಕಚ್ಚದೇ ಇರಬಹುದು. ನಿಧಾನವಾಗಿ ಸಾಗುತ್ತಾ ಬ್ರೇಕನ್ನು ಮೆಲ್ಲಗೆ ಒತ್ತಿ ಬಿಟ್ಟು ಮಾಡಿ, ಬಿಸಿಗೆ ಒಣಗುತ್ತದೆ.

ಹಂಪ್ಸ್ ಮತ್ತು ಗುಂಡಿ ನಮ್ಮ ಪಾಲಿಗೆ ಬಂದದ್ದು. ಬಣ್ಣ ಬಳಿಯದ, ಫಲಕವಿಲ್ಲದ ಹಂಪ್ಸ್ ಕೊನೆಯ ಗಳಿಗೆಯಲ್ಲಿ ಕಂಡರೆ ಅದರ ಮೇಲೆ ಹತ್ತುವ ತನಕ ಬ್ರೇಕ್ ಹಿಡಿದೇ ಇರುವುದು ಸಹಜ ಪ್ರವೃತ್ತಿ. ಆದರೆ ಬ್ರೇಕ್ ಹಿಡಿದಾಗ ಶಾಕ್ ಅಬ್ಸಾರ್ಬರ್ ಆಗಲೇ ಕುಗ್ಗಿರುತ್ತದೆ, ಏಟು ತಿನ್ನಲು ಅದರಲ್ಲಿ ಜಾಗವಿರುವುದಿಲ್ಲ, ಹೊಡೆತ ನೇರ ರಿಮ್ಮಿಗೂ ಮಣಿಕಟ್ಟಿಗೂ. ಹಂಪ್ಸ್ ಬರುವ ಮೊದಲು ಎಷ್ಟು ಸಾಧ್ಯವೋ ಅಷ್ಟು ಬ್ರೇಕ್ ಹಾಕಿ, ಚಕ್ರ ಅದನ್ನು ಮುಟ್ಟುವ ಹೊತ್ತಿಗೆ ಬಿಟ್ಟುಬಿಡಿ. ಗುಂಡಿಗೂ ಹೀಗೇ.

ತಿರುವಿನ ನಿಯಮ ಸರಳ: ಬ್ರೇಕಿನ ಕೆಲಸ ತಿರುವಿಗೆ ಮೊದಲೇ ಮುಗಿಯಬೇಕು. ವಾಲಿದ ಗಾಡಿಯ ಟೈರು ತನ್ನ ಹಿಡಿತದಲ್ಲಿ ಬಹುಪಾಲನ್ನು ತಿರುಗಲು ಖರ್ಚು ಮಾಡುತ್ತಿರುತ್ತದೆ. ನಿಲ್ಲಲು ಉಳಿಯುವುದು ಸ್ವಲ್ಪ. ಮಧ್ಯದಲ್ಲೇ ದನ ಎದುರಾದರೆ ಮೊದಲು ಗಾಡಿಯನ್ನು ನೆಟ್ಟಗೆ ಮಾಡಿ, ಆಮೇಲೆ ಬ್ರೇಕ್ ಹಿಡಿಯಿರಿ. ನೋಟ ದನದ ಮೇಲೆ ಅಲ್ಲ, ಪಕ್ಕದಲ್ಲಿರುವ ಖಾಲಿ ಜಾಗದ ಮೇಲೆ. ಕಣ್ಣು ಎಲ್ಲಿ ನೆಡುತ್ತದೋ ಗಾಡಿ ಅಲ್ಲಿಗೇ ಹೋಗುತ್ತದೆ.

ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವವರನ್ನು ಈಗಲೂ ನೋಡಬಹುದು. ಉಳಿಯುವುದು ಕೆಲವೇ ರೂಪಾಯಿ. ಹತ್ತಿಪ್ಪತ್ತು ನಿಮಿಷ ಬ್ರೇಕನ್ನೇ ಒತ್ತಿಹಿಡಿದು ಇಳಿದರೆ ಡ್ರಮ್ಮು ಕಾದು ಶೂ ಹಿಡಿತ ಕಳೆದುಕೊಳ್ಳುತ್ತದೆ. ಡಿಸ್ಕ್ ಬ್ರೇಕಿನ ದ್ರವ ಕುದಿದು ಲಿವರು ಮೆತ್ತಗಾಗುತ್ತದೆ. ಹತ್ತುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ ಗೇರ್ ಇರಲಿ, ಎಂಜಿನ್ ಎಳೆದುಕೊಳ್ಳಲಿ. ಬ್ರೇಕನ್ನು ತಿರುವಿಗೊಮ್ಮೆ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡಿ, ಆರಲು ಸಮಯ ಸಿಗುತ್ತದೆ. ಹಳೆಯ ಟೂ ಸ್ಟ್ರೋಕ್ ಗಾಡಿಗಳಲ್ಲಿ ಎಂಜಿನ್ ಎಳೆತ ಕಡಿಮೆ. ಯೆಜ್ಡಿ ಪ್ರೇಮಿಗಳು ಅದಕ್ಕೆ ತಕ್ಕಂತೆ ನಿಧಾನವಾಗಿ ಇಳಿಯಬೇಕು.

ಗಾಡಿಯ ಆರೈಕೆಯಲ್ಲಿ ನೀವೇ ನೋಡಿಕೊಳ್ಳಬೇಕಾದ್ದು ಸ್ವಲ್ಪವೇ. ಡ್ರಮ್ ಬ್ರೇಕಿನ ಪೆಡಲಿನಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಸಡಿಲ ಇರಬೇಕು, ನಿಮ್ಮ ಗಾಡಿಯ ಕೈಪಿಡಿಯಲ್ಲಿ ಸರಿಯಾದ ಅಳತೆ ಇರುತ್ತದೆ. ಡಿಸ್ಕ್ ಪ್ಯಾಡಿನ ಗೀರು ಮಾಸಿದರೆ, ಡ್ರಮ್ ಪಕ್ಕದ ಬಾಣದ ಗುರುತು ಕೊನೆ ಮುಟ್ಟಿದರೆ ಬದಲಿಸಿ. ಬ್ರೇಕ್ ದ್ರವ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆಯಾದರೂ ಹೊಸದು ಹಾಕಿಸಿ. ಟೈರಿನ ಗಾಳಿ ವಾರಕ್ಕೊಮ್ಮೆ. ವಾಟರ್ ಸರ್ವಿಸ್ ಮಾಡಿಸಿದ ದಿನ ತುಸು ಹೆಚ್ಚು ಎಚ್ಚರ: ಹೊಳಪು ಬರಲೆಂದು ಗಾಡಿಗೆಲ್ಲ ಡೀಸೆಲ್ಲೋ ಪಾಲಿಶೋ ಹೊಡೆದುಕೊಡುವ ರೂಢಿ ಇದೆ. ಅದು ಡಿಸ್ಕಿಗೂ ಟೈರಿಗೂ ತಾಗಿದರೆ ಮೊದಲ ಸಿಗ್ನಲ್ಲಿನಲ್ಲೇ ಗೊತ್ತಾಗುತ್ತದೆ. ಡಿಸ್ಕ್ ಮತ್ತು ಟೈರಿಗೆ ಏನೂ ಹೊಡೆಯಬೇಡಿ ಎಂದು ಮೊದಲೇ ಹೇಳಿಬಿಡಿ.

ಲೈಸೆನ್ಸಿಗಾಗಿ ಎಂಟು ಹಾಕುವುದನ್ನು ಎಲ್ಲರೂ ದಿನಗಟ್ಟಲೆ ಅಭ್ಯಾಸ ಮಾಡುತ್ತಾರೆ. ಎಂಟು ಕಲಿಸುವುದು ಸಮತೋಲನ ಕಾಯ್ದುಕೊಳ್ಳುವುದನ್ನು, ನಿಲ್ಲಿಸುವುದನ್ನಲ್ಲ. ಅದಕ್ಕೆ ಬೇರೆಯೇ ಅಭ್ಯಾಸ ಬೇಕು. ಭಾನುವಾರ ಬೆಳಿಗ್ಗೆ ಖಾಲಿ ಇರುವ, ಮಣ್ಣಿಲ್ಲದ, ಡಾಂಬರೋ ಕಾಂಕ್ರೀಟೋ ಹಾಸಿದ ಜಾಗ ಹುಡುಕಿ. ಹೆಲ್ಮೆಟ್, ಬೂಟು, ದಪ್ಪ ಪ್ಯಾಂಟು ಹಾಕಿ, ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ. ಒಂದು ಇಟ್ಟಿಗೆ ಇಟ್ಟು, 20 ಕಿ.ಮೀ. ವೇಗದಲ್ಲಿ ಬಂದು ಅದರ ನೇರಕ್ಕೆ ಬ್ರೇಕ್ ಶುರುಮಾಡಿ. ಮೊದಲು ಕಾಲಿನದ್ದು ಮಾತ್ರ, ಆಮೇಲೆ ಕೈಯದ್ದು ಮಾತ್ರ, ಆಮೇಲೆ ಎರಡೂ. ನಿಂತಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಮೂರು ಗೆರೆಗಳ ಅಂತರ ಕಂಡ ಮೇಲೆ ನನ್ನ ಮಾತು ನಂಬುವ ಅಗತ್ಯವೇ ಇರುವುದಿಲ್ಲ. ಕೈ ಪಳಗಿದ ಮೇಲೆ 30ಕ್ಕೆ, ನಂತರ 40ಕ್ಕೆ ಏರಿಸಿ. ಹೊಸ ಗಾಡಿ ಕೊಂಡಾಗ, ಟೈರು ಅಥವಾ ಪ್ಯಾಡು ಬದಲಿಸಿದಾಗ, ಬಹಳ ದಿನ ಓಡಿಸದೆ ಮತ್ತೆ ಹತ್ತಿದಾಗ ಇದೇ ಅಭ್ಯಾಸವನ್ನು ಇನ್ನೊಮ್ಮೆ ಮಾಡಿ. ಮನೆಯಲ್ಲಿ ನಿಮ್ಮ ಹಿಂದೆ ಕಲಿಯಲು ಕಾದಿರುವ ತಮ್ಮನೋ ತಂಗಿಯೋ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.